ಬಡ್ತಿಯ ತಾರೀಖು: ಅಮೆರಿಕದ ಸೈನ್ಯದಲ್ಲಿ ದಾಖಲೆ ತಿದ್ದುಪಡಿಯ ವಿಧಾನ ಮತ್ತು ಅದರ ಪೂರ್ವೇತಿಹಾಸ

ಸೈನ್ಯಗಳ ಚರಿತ್ರೆಯನ್ನು ಬರೆಯುವವರು ಯುದ್ಧಗಳ ತಾರೀಖುಗಳನ್ನು ಬಹು ಎಚ್ಚರಿಕೆಯಿಂದ ಗುರುತಿಸುತ್ತಾರೆ; ಅಧಿಕಾರಿಗಳ ಬಡ್ತಿಯ ತಾರೀಖುಗಳನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ಸೈನ್ಯದ ಒಳಗಿರುವವರ ದೃಷ್ಟಿಯೇ ಬೇರೆ. ಒಂದೇ ದರ್ಜೆಯ ಇಬ್ಬರು ಅಧಿಕಾರಿಗಳು ಒಂದೆಡೆ ಸೇರಿದಾಗ ಆಜ್ಞಾಪಿಸತಕ್ಕವನು ಯಾರು, ಪಾಲಿಸತಕ್ಕವನು ಯಾರು ಎಂಬುದನ್ನು ನಿರ್ಣಯಿಸುವುದು ಭುಜದ ಮೇಲಣ ಲಾಂಛನವಲ್ಲ, ಆ ಲಾಂಛನ ಬಂದ ದಿನ. ಆದುದರಿಂದ ಕಚೇರಿಯ ಮೇಜಿನ ಮೇಲೆ ಕಡತವು ಕೆಲವು ತಿಂಗಳು ನಿದ್ರಿಸಿತೆಂದರೆ ಅದರ ಫಲವನ್ನು ಅಧಿಕಾರಿಯು ತನ್ನ ಸೇವಾವಧಿಯ ಕೊನೆಯವರೆಗೂ ಅನುಭವಿಸಬೇಕಾಗುತ್ತದೆ. ಇಂಥ ವಿಳಂಬದಿಂದ ತಪ್ಪಿಹೋದ ತಾರೀಖನ್ನು ಅನಂತರ ತಿದ್ದಿ ಹಿಂದಕ್ಕೆ ಸರಿಸಬಹುದೆ, ಸರಿಸುವ ಅಧಿಕಾರ ಯಾರದು, ಎಷ್ಟರಮಟ್ಟಿಗೆ, ಎಂಬ ಪ್ರಶ್ನೆಗಳನ್ನು ಅಮೆರಿಕದ ಸಂಯುಕ್ತ ಸಂಸ್ಥಾನದ ಪದ್ಧತಿಯನ್ನು ಮುಖ್ಯವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ. ಸಂವಿಧಾನದ ಚರಿತ್ರೆಯನ್ನು ಓದುವವರಿಗೆ ಈ ವಿಷಯವು ಮೇಲ್ನೋಟಕ್ಕೆ ತೋರುವಷ್ಟು ಶುಷ್ಕವಾದುದಲ್ಲ.

ಮೊದಲು ಎರಡು ತಾರೀಖುಗಳ ಭೇದವನ್ನು ತಿಳಿಯಬೇಕು. ಬಡ್ತಿಯು ಜಾರಿಗೆ ಬರುವ ದಿನ ಒಂದು. ಅಂದಿನಿಂದ ಹೊಸ ದರ್ಜೆಯ ವೇತನ ಸಲ್ಲುತ್ತದೆ. ಆ ದರ್ಜೆಯಲ್ಲಿ ಜ್ಯೇಷ್ಠತೆಯನ್ನು ಎಣಿಸುವ ದಿನ ಮತ್ತೊಂದು. ಸಾಮಾನ್ಯವಾಗಿ ಇವೆರಡೂ ಒಂದೇ ಆಗಿರುತ್ತವೆ. ಆದರೆ ಬೇರೆಯಾಗಿರಬಾರದೆಂಬ ನಿಯಮವೇನೂ ಇಲ್ಲ. ಎರಡನೆಯ ತಾರೀಖು ಹಿಂದುಳಿದರೆ ಮುಂದಿನ ಬಡ್ತಿಗೆ ಬೇಕಾದ ಕನಿಷ್ಠ ಸೇವಾಕಾಲ ತುಂಬುವುದೂ ಹಿಂದುಳಿಯುತ್ತದೆ. ಆಯ್ಕೆಯ ಮಂಡಳಿಯ ಮುಂದೆ ಹೆಸರು ಬರುವುದು ಒಂದು ವರ್ಷ ತಡವಾಗಬಹುದು. ನಿವೃತ್ತಿಯಾಗುವಾಗ ಮೇಲಿನ ದರ್ಜೆಯಲ್ಲಿ ನಿಯತಕಾಲ ಕಳೆದಿಲ್ಲವೆಂದು ಕೆಳಗಿನ ದರ್ಜೆಯ ವಿಶ್ರಾಂತಿವೇತನಕ್ಕೆ ತೃಪ್ತಿಪಡಬೇಕಾಗಬಹುದು. ಕಳೆದುಕೊಂಡ ಎಂಟು ತಿಂಗಳ ವೇತನವನ್ನು ಲೆಕ್ಕ ಹಾಕುವುದು ಸುಲಭ. ಈ ಬಗೆಯ ನಷ್ಟವನ್ನು ಲೆಕ್ಕ ಹಾಕುವುದು ಸುಲಭವಲ್ಲ.

ಒಂದು ದಿನದ ಅಂತರಕ್ಕೂ ಎಷ್ಟು ಬೆಲೆಯುಂಟೆಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಇಂದೋರಿನ ಡೇಲಿ ಕಾಲೇಜಿನಲ್ಲಿ ಶಿಕ್ಷಣ ಪಡೆದು ೧೯೧೯ನೆಯ ಡಿಸೆಂಬರ್ ೧ರಂದು ತಾತ್ಕಾಲಿಕ ಅಧಿಕಾರಪತ್ರವನ್ನು ಪಡೆದರು. ಅವರಿಗೆ ಕಾಯಂ ಅಧಿಕಾರಪತ್ರ ದೊರೆತುದು ೧೯೨೨ನೆಯ ಸೆಪ್ಟೆಂಬರ್ ೯ರಂದು. ಆದರೆ ಅದು ೧೯೨೦ನೆಯ ಜುಲೈ ೧೭ರಿಂದ ಜಾರಿಗೆ ಬಂದಂತೆ ಎಣಿಸಲ್ಪಟ್ಟಿತು. ಜುಲೈ ೧೭ ಏಕೆ? ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯದಿಂದ ಆ ವರ್ಷ ಹೊರಬಂದವರ ತಾರೀಖು ಜುಲೈ ೧೬. ಇಂದೋರಿನಲ್ಲಿ ಕಲಿತವರು ಅವರಿಗಿಂತ ಕಿರಿಯರಾಗಿರಬೇಕೆಂಬುದೇ ಉದ್ದೇಶ. ಇಲ್ಲಿ ತಾರೀಖನ್ನು ಎರಡು ವರ್ಷಗಳಿಗೂ ಮೀರಿ ಹಿಂದಕ್ಕೆ ಸರಿಸಿದ್ದು ಉಪಕಾರವೆಂದು ತೋರುತ್ತದೆ; ಸರಿಸುವುದನ್ನು ಎಲ್ಲಿ ನಿಲ್ಲಿಸಿದರೆಂಬುದನ್ನು ನೋಡಿದಾಗ ಅದರ ಒಳಗುಟ್ಟು ತಿಳಿಯುತ್ತದೆ. ೧೯೪೯ನೆಯ ಜನವರಿ ೧೫ರಂದು ಅವರೇ ಭಾರತೀಯ ಸೈನ್ಯದ ಪ್ರಥಮ ಭಾರತೀಯ ದಂಡನಾಯಕರಾದರು ಎಂಬುದು ಸರ್ವವಿದಿತ.

ಇನ್ನು ಅಮೆರಿಕದ ವಿಷಯ. ಅಲ್ಲಿಯ ಸೈನ್ಯದಲ್ಲಿ ಈ ತೊಡಕು ಅತ್ಯಂತ ಹೆಚ್ಚಾಗಿ ಕಂಡುಬರುವುದು ನ್ಯಾಷನಲ್ ಗಾರ್ಡ್ ಎಂಬ ದಳದಲ್ಲಿ. ಇದಕ್ಕೆ ಕಾರಣ ಯಾರ ದುರುದ್ದೇಶವೂ ಅಲ್ಲ. ಆ ದಳದ ಹುಟ್ಟಿನಲ್ಲೇ ಸೇರಿಕೊಂಡಿರುವ ಇಬ್ಬಂದಿತನ. ಸಂವಿಧಾನವನ್ನು ರಚಿಸಿದವರು ನಾಡಪಡೆಯ ಅಧಿಕಾರಿಗಳನ್ನು ನೇಮಿಸುವ ಹಕ್ಕನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟರು. ಕೇಂದ್ರದ ಕೈಯಲ್ಲಿ ಪ್ರಬಲವಾದ ಸ್ಥಾಯೀಸೈನ್ಯವಿರುವುದು ಅವರಿಗೆ ಭಯದ ಸಂಗತಿಯಾಗಿತ್ತು. ೧೯೦೩ನೆಯ ಶಾಸನವು ಈ ನಾಡಪಡೆಗಳನ್ನು ಕೇಂದ್ರದ ಸೈನ್ಯದ ಮಾದರಿಗೆ ತಂದಿತು. ೧೯೧೬ರ ರಾಷ್ಟ್ರರಕ್ಷಣಾ ಶಾಸನವು ಅವುಗಳ ಅಧಿಕಾರಿಗಳಿಗೆ ಕೇಂದ್ರದ ಮಾನ್ಯತೆ ಬೇಕೆಂದು ವಿಧಿಸಿತು. ೧೯೩೩ರ ತಿದ್ದುಪಡಿಯಿಂದ ರಾಜ್ಯದ ದಳಕ್ಕೆ ಸೇರಿದವನು ಅದರೊಡನೆಯೇ ಕೇಂದ್ರ ಸೈನ್ಯದ ಮೀಸಲು ಅಂಗಕ್ಕೂ ಸೇರಿದವನಾದನು. ೧೯೯೦ರಲ್ಲಿ ಈ ಏರ್ಪಾಡಿನ ಸಿಂಧುತ್ವವನ್ನು ಎತ್ತಿಹಿಡಿದ ಅಲ್ಲಿಯ ಸುಪ್ರೀಂ ಕೋರ್ಟು, ಇಂಥ ಸೈನಿಕನ ಮನೆಯಲ್ಲಿ ಮೂರು ಟೋಪಿಗಳಿರಬೇಕೆಂದೂ ನಾಗರಿಕನದು, ರಾಜ್ಯದ ಪಡೆಯದು, ಕೇಂದ್ರ ಸೈನ್ಯದ್ದು ಇವುಗಳಲ್ಲಿ ಒಂದು ವೇಳೆಗೆ ಒಂದನ್ನು ಮಾತ್ರ ಅವನು ಧರಿಸುವನೆಂದೂ ವಿನೋದವಾಗಿ ವಿವರಿಸಿತು.

ಟೋಪಿ ಎರಡಾದ ಮೇಲೆ ಬಡ್ತಿಯೂ ಎರಡಾಯಿತು. ರಾಜ್ಯವೊಂದರ ದಳದಲ್ಲಿರುವ ಕ್ಯಾಪ್ಟನ್ ಒಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮೇಲಿನ ಹುದ್ದೆಯೊಂದು ತೆರವಾಗಿದೆ. ಅವನು ಎಲ್ಲ ವಿಧದಲ್ಲಿಯೂ ಅರ್ಹನಾಗಿದ್ದಾನೆ. ಏಪ್ರಿಲ್ ೧ರಂದು ರಾಜ್ಯವು ಅವನನ್ನು ಮೇಜರನನ್ನಾಗಿ ಮಾಡಿ ಆಜ್ಞೆ ಹೊರಡಿಸುತ್ತದೆ. ಅವನು ಹೊಸ ಹುದ್ದೆಯ ಹೊಣೆಯನ್ನು ಹೊರುತ್ತಾನೆ. ಆದರೆ ಕೇಂದ್ರದ ದೃಷ್ಟಿಯಲ್ಲಿ ಅವನು ಇನ್ನೂ ಕ್ಯಾಪ್ಟನ್ನೇ. ಅಧಿಕಾರಿಗಳ ಮಂಡಳಿಯೊಂದು ಅವನ ಯೋಗ್ಯತೆಯನ್ನು ಪರೀಕ್ಷಿಸಿ ಮಾನ್ಯತೆಗೆ ಶಿಫಾರಸು ಮಾಡಬೇಕು. ಆ ಕಾಗದಪತ್ರಗಳು ನ್ಯಾಷನಲ್ ಗಾರ್ಡಿನ ಕೇಂದ್ರ ಕಚೇರಿಗೆ ಹೋಗಬೇಕು. ಅಲ್ಲಿ ಅವನ ಹೆಸರು ಇತರ ಹೆಸರುಗಳೊಡನೆ, ಅಮೆರಿಕನರು ಇಂದಿಗೂ ‘ಸ್ಕ್ರೋಲ್’ ಅಂದರೆ ಸುರುಳಿ ಎಂದೇ ಕರೆಯುವ, ಒಂದು ಪಟ್ಟಿಯಲ್ಲಿ ಸೇರಬೇಕು. ಆ ಸುರುಳಿಯು ಸೈನ್ಯದ ಇಲಾಖೆಯನ್ನು ದಾಟಿ ರಕ್ಷಣಾ ಇಲಾಖೆಯನ್ನು ಮುಟ್ಟಬೇಕು. ಲೆಫ್ಟಿನೆಂಟ್ ಕರ್ನಲ್ ದರ್ಜೆಯವರೆಗಿನ ಮೀಸಲು ಅಧಿಕಾರಿಗಳನ್ನು ನೇಮಿಸತಕ್ಕವನು ರಾಷ್ಟ್ರಾಧ್ಯಕ್ಷನೊಬ್ಬನೇ. ಕರ್ನಲ್ ಮತ್ತು ಮೇಲಿನವರಾದರೆ ಸೆನೆಟ್ ಸಭೆಯ ಸಮ್ಮತಿಯೂ ಬೇಕು. ನಮ್ಮ ಕ್ಯಾಪ್ಟನ್ನನ ವಿಷಯದಲ್ಲಿ ಅಧ್ಯಕ್ಷನ ಪರವಾಗಿ ರಕ್ಷಣಾ ಇಲಾಖೆಯಲ್ಲಿ ರುಜು ಬೀಳಬೇಕು. ಸುರುಳಿಯಲ್ಲಿ ಮತ್ತೊಬ್ಬನ ಹೆಸರಿನ ಬಗ್ಗೆ ಸಂದೇಹವೆದ್ದರೆ, ಒಂದು ವೈದ್ಯಕೀಯ ಪತ್ರದ ಅವಧಿ ತೀರಿದ್ದರೆ, ಅಧಿಕಾರದಲ್ಲಿದ್ದವರು ಬದಲಾದರೆ, ಎಲ್ಲವೂ ನಿಂತವು. ರುಜುವಾದಾಗ ಮುಂದಿನ ಜನವರಿ ಬಂದಿರುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ನಮ್ಮ ಗಾದೆಯನ್ನು ಇಲ್ಲಿ ನೆನೆಯಬಹುದು. ಆದರೆ ಇಲ್ಲಿ ಪೂಜಾರಿಗಳು ಒಬ್ಬಿಬ್ಬರಲ್ಲ.

ಈ ಒಂಬತ್ತು ತಿಂಗಳು ಅವನು ಮೇಜರನ ಕೆಲಸವನ್ನು ಮಾಡಿ, ಕೇಂದ್ರದ ಹಣದಿಂದ ನಡೆಯುವ ಶಿಕ್ಷಣ ಶಿಬಿರಗಳಲ್ಲಿ ಕ್ಯಾಪ್ಟನ್ನನ ವೇತನವನ್ನು ಪಡೆದಿರುತ್ತಾನೆ. ಕೇಂದ್ರದ ಶಾಸನವು ಈ ವಿಷಯದಲ್ಲಿ ಬಹು ಸ್ಪಷ್ಟವಾಗಿದೆ: ಮಾನ್ಯತೆ ದೊರೆತ ದಿನವೇ ಬಡ್ತಿ ಜಾರಿಗೆ ಬಂದ ದಿನ. ರಾಜ್ಯದ ಆಜ್ಞೆಯ ತಾರೀಖಿಗೆ ಅಲ್ಲಿ ಬೆಲೆಯಿಲ್ಲ. ೨೦೧೧ರ ಜನವರಿಯಲ್ಲಿ ಅಂಗೀಕೃತವಾದ ರಕ್ಷಣಾ ಶಾಸನವೊಂದು ವಾರಂಟ್ ಅಧಿಕಾರಿಗಳ ನೇಮಕ ಮತ್ತು ಬಡ್ತಿಗಳನ್ನೂ ಅಧ್ಯಕ್ಷನ ಹೆಸರಿನಲ್ಲೇ ನಡೆಸಬೇಕೆಂದು ವಿಧಿಸಿದಾಗ ಆ ವರ್ಗದವರಿಗೂ ಇದೇ ಗತಿ ಬಂದಿತು. ಅದುವರೆಗೆ ಕೆಳಗಿನ ಹಂತದಲ್ಲಿಯೇ ಮುಗಿಯುತ್ತಿದ್ದ ಕೆಲಸ ದೊಡ್ಡ ಮೇಜಿನವರೆಗೆ ಏರಿ ಇಳಿಯಬೇಕಾಯಿತು. ಹೊಸ ಪದ್ಧತಿ ನೆಲೆಗೊಳ್ಳುವವರೆಗೆ ಅವರ ಬಡ್ತಿಗಳು ತಿಂಗಳುಗಟ್ಟಲೆ ನಿಂತುವು.

ಇಂಥ ಅನ್ಯಾಯಕ್ಕೆ ಪರಿಹಾರವನ್ನು ಯಾರಲ್ಲಿ ಕೇಳಬೇಕು? ೧೯೪೬ಕ್ಕೆ ಮುಂಚೆ ಉತ್ತರ ವಿಚಿತ್ರವಾಗಿತ್ತು: ಕಾಂಗ್ರೆಸ್ ಮಹಾಸಭೆಯನ್ನೇ ಕೇಳಬೇಕಾಗಿತ್ತು. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಖಾಸಗಿ ಮಸೂದೆಯೊಂದನ್ನು ಅವನ ಕ್ಷೇತ್ರದ ಪ್ರತಿನಿಧಿಯು ಮಂಡಿಸಿ, ಎರಡು ಸಭೆಗಳೂ ಅಂಗೀಕರಿಸಿ, ಅಧ್ಯಕ್ಷನು ರುಜು ಮಾಡಿದರೆ ಅವನ ಸೈನಿಕ ದಾಖಲೆ ತಿದ್ದಲ್ಪಡುತ್ತಿತ್ತು. ಪ್ರತಿನಿಧಿಯ ಪರಿಚಯವುಳ್ಳವನಿಗೆ ನ್ಯಾಯ, ಇಲ್ಲದವನಿಗೆ ಇಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯದಿಂದ ಹೊರಬಂದವರ ಸಂಖ್ಯೆ ಲಕ್ಷಗಳನ್ನು ಮೀರಿತ್ತು. ಅವರೆಲ್ಲರ ಅಹವಾಲುಗಳು ಮಸೂದೆಗಳ ರೂಪದಲ್ಲಿ ಬಂದರೆ ಮಹಾಸಭೆಗೆ ಬೇರೆ ಕೆಲಸವೇ ಇರಲಾರದು. ೧೯೪೬ರ ಶಾಸನಾಂಗ ಪುನಾರಚನಾ ಶಾಸನವು ಇಂಥ ಮಸೂದೆಗಳನ್ನು ನಿಷೇಧಿಸಿತು. ನಿಷೇಧಿಸಿದ ವಿಧಿಯಲ್ಲಿ ಸೈನಿಕ ದಾಖಲೆಗಳ ತಿದ್ದುಪಡಿಯ ಜೊತೆಗೆ ವಿಶ್ರಾಂತಿವೇತನದ ಮಸೂದೆಗಳೂ ನೌಕಾಯಾನಕ್ಕೆ ಯೋಗ್ಯವಾದ ನದಿಗಳಿಗೆ ಸೇತುವೆ ಕಟ್ಟುವ ಮಸೂದೆಗಳೂ ಒಟ್ಟಿಗೆ ಸೇರಿವೆ. ಮಹಾಸಭೆಯ ಹೊತ್ತು ಯಾವ ಯಾವ ಬಗೆಯಲ್ಲಿ ವ್ಯಯವಾಗುತ್ತಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದೇ ಶಾಸನದ ೨೦೭ನೆಯ ವಿಭಾಗವು ಈ ಅಧಿಕಾರವನ್ನು ಸೈನಿಕ ಇಲಾಖೆಗಳ ಕಾರ್ಯದರ್ಶಿಗಳಿಗೆ ಕೊಟ್ಟಿತು. ಅವರು ಅದನ್ನು ನಾಗರಿಕರಿಂದ ಕೂಡಿದ ಮಂಡಳಿಗಳ ಮೂಲಕ ನಡೆಸಬೇಕು. ತಪ್ಪನ್ನು ತಿದ್ದುವುದಕ್ಕಾಗಲಿ ಅನ್ಯಾಯವನ್ನು ತೊಲಗಿಸುವುದಕ್ಕಾಗಲಿ ಅವಶ್ಯವೆಂದು ಕಂಡರೆ ಯಾವ ದಾಖಲೆಯನ್ನಾದರೂ ತಿದ್ದಬಹುದು. ಮೊದಮೊದಲು ದಾಖಲೆ ತಿದ್ದಿದರೂ ಬಾಕಿ ಹಣವನ್ನು ಕೊಡುವ ಅಧಿಕಾರವಿರಲಿಲ್ಲ. ೧೯೫೧ರ ತಿದ್ದುಪಡಿಯಿಂದ ಆ ಕೊರತೆಯೂ ನೀಗಿತು. ತಪ್ಪು ಗೊತ್ತಾದ ಮೂರು ವರ್ಷಗಳೊಳಗೆ ಅರ್ಜಿ ಬರಬೇಕೆಂಬುದು ನಿಯಮ. ನ್ಯಾಯದ ಹಿತಕ್ಕಾಗಿ ಈ ಅವಧಿಯನ್ನು ಸಡಿಲಿಸಲು ಮಂಡಳಿಗೆ ಸ್ವಾತಂತ್ರ್ಯವುಂಟು.

‘ತಪ್ಪು’, ‘ಅನ್ಯಾಯ’ ಎಂಬ ಎರಡು ಮಾತುಗಳು ಬೇರೆ ಬೇರೆಯಾಗಿ ಇರುವುದನ್ನು ವಾಚಕರು ಗಮನಿಸಬೇಕು. ಯಾರೂ ನಿಯಮವನ್ನು ಮೀರದಿದ್ದರೂ ಅನ್ಯಾಯವಾಗಬಹುದೆಂಬುದನ್ನು ಶಾಸನವೇ ಒಪ್ಪಿಕೊಂಡಂತಾಯಿತು. ವಿಳಂಬದ ಪ್ರಕರಣಗಳೆಲ್ಲ ತೂಗಾಡುವುದು ಈ ಎರಡು ಮಾತುಗಳ ನಡುವೆಯೇ. ಆಡಳಿತವು ಕ್ರಮಬದ್ಧವಾಗಿಯೇ ನಡೆದಿದೆಯೆಂಬ ಗ್ರಹಿಕೆಯಿಂದ ಮಂಡಳಿಯು ಹೊರಡುತ್ತದೆ; ಅಲ್ಲವೆಂದು ತೋರಿಸುವ ಭಾರ ಅರ್ಜಿದಾರನದು. ರಾಜ್ಯದ ಕಚೇರಿಯಲ್ಲಿ ಅವನ ಕಾಗದಗಳು ಕಳೆದುಹೋದುವೆಂದೊ, ಅರ್ಹತೆಯಿದ್ದರೂ ಹೆಸರನ್ನು ಬಿಟ್ಟರೆಂದೊ ಪತ್ರಗಳಿಂದ ಸ್ಥಾಪಿಸಿದರೆ ಅದು ತಪ್ಪು. ಪರಿಹಾರ ದೊರೆಯುವುದು ಕಷ್ಟವಲ್ಲ. ಕಾಗದಗಳೆಲ್ಲ ಸರಿಯಾದ ದಾರಿಯಲ್ಲಿಯೇ ಸಾಗಿ, ಆ ದಾರಿಯೇ ಒಂಬತ್ತು ತಿಂಗಳು ಉದ್ದವಾಗಿದ್ದರೆ? ೨೦೧೧ರ ಅನಂತರ ಬಂದ ವಾರಂಟ್ ಅಧಿಕಾರಿಗಳ ಅರ್ಜಿಗಳಲ್ಲಿ ಅನೇಕವನ್ನು ಸೈನ್ಯದ ಮಂಡಳಿಯು ತಿರಸ್ಕರಿಸಿತು. ನೇಮಿಸುವ ಅಧಿಕಾರವನ್ನು ಮೇಲಕ್ಕೆ ಏರಿಸಿದುದರ ಸಹಜ ಪರಿಣಾಮ ಈ ವಿಳಂಬ, ಇದು ಎಲ್ಲರಿಗೂ ಸಮನಾಗಿ ತಟ್ಟಿದೆ, ಆದುದರಿಂದ ಅರ್ಜಿದಾರನೊಬ್ಬನಿಗೇ ಆದ ಅನ್ಯಾಯವೆನ್ನಲಾಗದು, ಎಂಬುದು ಅದರ ತರ್ಕ. ಸಾವಿರ ಜನಕ್ಕೆ ಹಂಚಿದರೆ ಅನ್ಯಾಯವು ಕರಗಿಹೋಗುತ್ತದೆಂಬ ಈ ವಾದವನ್ನು ಒಪ್ಪುವುದು ಕಷ್ಟ. ಆದರೆ ಮಂಡಳಿಯ ಹಿಂಜರಿಕೆಗೆ ಇದಕ್ಕಿಂತ ಗಟ್ಟಿಯಾದ ಕಾರಣವೊಂದಿದೆ; ಅದು ಸಂವಿಧಾನದ್ದು.

ಅಧಿಕಾರಿಯನ್ನು ನೇಮಿಸುವುದು ಅಧ್ಯಕ್ಷನ ಅಧಿಕಾರ. ಮಂಡಳಿಯು ದಾಖಲೆಯನ್ನು ತಿದ್ದಬಹುದು, ನೇಮಿಸಲಾರದು. ಜನವರಿಯಲ್ಲಿ ರುಜುವಾದ ನೇಮಕವು ಏಪ್ರಿಲಿನಲ್ಲೇ ಆಗಿತ್ತೆಂದು ಬರೆದರೆ, ನಡೆಯದೆ ಇದ್ದುದನ್ನು ನಡೆಯಿತೆಂದು ಬರೆದಂತಾಗದೆ? ನಮ್ಮ ವಿದ್ಯಾರ್ಥಿಗಳು ನ್ಯಾಯಾಂಗದ ಪರಾಮರ್ಶಾಧಿಕಾರದ ಉಗಮವೆಂದು ಓದುವ ೧೮೦೩ರ ಮಾರ್ಬರಿ ಮತ್ತು ಮ್ಯಾಡಿಸನ್ ಪ್ರಕರಣವು ವಾಸ್ತವವಾಗಿ ಹುಟ್ಟಿದ್ದು ಇಂಥದೇ ಆಡಳಿತದ ವಿಳಂಬದಿಂದ. ಅಧ್ಯಕ್ಷ ಆಡಮ್ಸನು ಮಾರ್ಬರಿಯ ನೇಮಕಪತ್ರಕ್ಕೆ ರುಜು ಮಾಡಿದ್ದನು, ಮೊಹರೂ ಬಿದ್ದಿತ್ತು, ತಲುಪಿಸುವುದಷ್ಟೆ ಉಳಿದಿತ್ತು. ಅಷ್ಟರಲ್ಲಿ ಸರ್ಕಾರ ಬದಲಾಯಿತು. ತಲುಪಿಸಬೇಕಾಗಿದ್ದ ಅಂದಿನ ವಿದೇಶಾಂಗ ಕಾರ್ಯದರ್ಶಿ ಜಾನ್ ಮಾರ್ಷಲನೇ ಮುಂದೆ ಮುಖ್ಯ ನ್ಯಾಯಾಧೀಶನಾಗಿ ಈ ಪ್ರಕರಣದಲ್ಲಿ ತೀರ್ಪು ಕೊಟ್ಟನೆಂಬುದು ಚರಿತ್ರೆಯ ಕೌತುಕಗಳಲ್ಲೊಂದು. ರುಜು ಮತ್ತು ಮೊಹರು ಬಿದ್ದ ಕ್ಷಣದಲ್ಲೇ ನೇಮಕ ಪೂರ್ಣವಾಯಿತು, ಪತ್ರವು ಕೈಸೇರುವುದು ಅದಕ್ಕೆ ಅವಶ್ಯವಲ್ಲ, ಎಂದು ಅವನು ಸಾರಿದನು. ಈ ಸೂತ್ರವು ಇಬ್ಬಾಯಿಯ ಕತ್ತಿಯಂತಿದೆ. ರುಜುವಾದ ಮೇಲಿನ ವಿಳಂಬದಿಂದ ಅಧಿಕಾರಿಗೆ ಹಾನಿಯಿಲ್ಲ. ಆದರೆ ರುಜುವಿಗೆ ಮುಂಚಿನ ವಿಳಂಬದಲ್ಲಿ ಅವನಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ನಮ್ಮ ಕ್ಯಾಪ್ಟನ್ನನ ಒಂಬತ್ತು ತಿಂಗಳೂ ಕಳೆದುಹೋದುದು ರುಜುವಿಗೆ ಮುಂಚೆ.

ಈ ಗಂಟನ್ನು ಬಿಡಿಸಿದವರು ನ್ಯಾಯಾಧೀಶರಲ್ಲ, ಶಾಸನಕಾರರು. ಬಿಡಿಸಿದ ರೀತಿಯೂ ಜಾಣತನದ್ದಾಗಿದೆ. ನೇಮಕದ ದಿನವನ್ನು ಅವರು ಮುಟ್ಟಲಿಲ್ಲ. ಜ್ಯೇಷ್ಠತೆಯ ದಿನವನ್ನೂ ವೇತನದ ದಿನವನ್ನೂ ಅದರಿಂದ ಬೇರ್ಪಡಿಸಿದರು. ಸ್ಥಾಯೀಸೈನ್ಯದ ಅಧಿಕಾರಿಗಳ ಮಟ್ಟಿಗೆ, ಆಯ್ಕೆಮಂಡಳಿಯ ವರದಿಯಾಗಲಿ ಬಡ್ತಿಯ ಪಟ್ಟಿಯಾಗಲಿ ಅಸಾಮಾನ್ಯ ಕಾರಣಗಳಿಂದ ಉದ್ದೇಶವಿಲ್ಲದೆ ತಡವಾದರೆ, ಜನರಲ್ ದರ್ಜೆಗಿಂತ ಕೆಳಗಿನವರ ಜ್ಯೇಷ್ಠತಾ ದಿನವನ್ನು ಕಾರ್ಯದರ್ಶಿಯು ಹಿಂದಕ್ಕೆ ಸರಿಸಬಹುದು. ಸೆನೆಟ್ ಸಮ್ಮತಿಸಿದ ದಿನಕ್ಕಿಂತಲೂ ಹಿಂದಕ್ಕೆ ಸರಿಸಿದರೆ ಕೂಡಲೆ ಸೆನೆಟ್ಟಿನ ಸೈನಿಕ ಸಮಿತಿಗೆ ತಿಳಿಸಬೇಕು. ಅನುಮತಿ ಬೇಕಿಲ್ಲ, ತಿಳಿಸಿದರೆ ಸಾಕು. ನ್ಯಾಷನಲ್ ಗಾರ್ಡಿನವರಿಗೆ ಈ ಸೌಲಭ್ಯ ಬಂದುದು ತೀರ ಈಚೆಗೆ. ರಾಜ್ಯದಿಂದ ಬಂದ ಕಾಗದಗಳು ಪರಿಪೂರ್ಣವಾಗಿವೆಯೆಂದು ಕೇಂದ್ರ ಕಚೇರಿ ಒಪ್ಪಿದ ಅನಂತರ ೧೦೦ ದಿನಗಳಿಗೆ ಮೀರಿ ತಡವಾಗಿದ್ದರೆ, ಅದಕ್ಕೆ ಅಧಿಕಾರಿಯು ಸ್ವತಃ ಕಾರಣನಲ್ಲದಿದ್ದರೆ, ಬಡ್ತಿ ಜಾರಿಗೆ ಬಂದ ದಿನವನ್ನು ಹಿಂದಕ್ಕೆ ಒಯ್ಯಬಹುದು. ಆದರೆ ರಾಜ್ಯದ ಆಜ್ಞೆಯ ದಿನಕ್ಕಿಂತ ಹಿಂದಕ್ಕಲ್ಲ. ನೂರು ದಿನಗಳ ಎಣಿಕೆ ಆರಂಭವಾಗುವುದು ರಾಜ್ಯದ ಆಜ್ಞೆಯಿಂದಲ್ಲ, ಕೇಂದ್ರ ಕಚೇರಿಯು ‘ಪರಿಪೂರ್ಣ’ವೆಂದು ಒಪ್ಪಿದ ದಿನದಿಂದ, ಎಂಬುದು ಚಿಕ್ಕ ಮಾತಲ್ಲ. ಗಡಿಯಾರದ ಕೀಲಿಯು ಇನ್ನೂ ತಡಮಾಡುವವರ ಕೈಯಲ್ಲಿಯೇ ಇದೆ.

ಬಡ್ತಿಯ ತಾರೀಖನ್ನು ಶಾಸನದಿಂದಲೇ ತಿದ್ದುವ ಹಳೆಯ ಮಾರ್ಗವು ಎಷ್ಟು ವಿಷಮವಾಗಬಹುದೆಂಬುದನ್ನು ಫ್ರಾನ್ಸಿನ ಚರಿತ್ರೆ ತೋರಿಸುತ್ತದೆ. ಆಲ್‌ಫ್ರೆಡ್ ಡ್ರೈಫಸನ ಕಥೆ ಪ್ರಸಿದ್ಧವಾದುದು. ೧೮೮೯ರಲ್ಲಿ ಕ್ಯಾಪ್ಟನ್ನನಾದ ಈ ಫಿರಂಗಿದಳದ ಅಧಿಕಾರಿಯು ದೇಶದ್ರೋಹದ ಸುಳ್ಳು ಆರೋಪಕ್ಕೆ ಗುರಿಯಾಗಿ ೧೮೯೪ರಲ್ಲಿ ಶಿಕ್ಷಿತನಾದನು. ೧೮೯೫ನೆಯ ಜನವರಿ ೫ರಂದು ಅವನ ಪದಚಿಹ್ನೆಗಳನ್ನು ಬಹಿರಂಗವಾಗಿ ಕಿತ್ತೆಸೆದರು. ಅವನ ನಿರಪರಾಧವನ್ನು ಕಂಡುಹಿಡಿದ ಲೆಫ್ಟಿನೆಂಟ್ ಕರ್ನಲ್ ಪಿಕಾರ್ ಕೂಡ ೧೮೯೮ರಲ್ಲಿ ಸೈನ್ಯದಿಂದ ಹೊರದೂಡಲ್ಪಟ್ಟನು. ೧೯೦೬ನೆಯ ಜುಲೈ ೧೨ರಂದು ಪರಮೋಚ್ಚ ನ್ಯಾಯಾಲಯವು ಡ್ರೈಫಸನ ಶಿಕ್ಷೆಯನ್ನು ರದ್ದುಪಡಿಸಿತು. ಮರುದಿನವೇ ಪಾರ್ಲಿಮೆಂಟು ಎರಡು ಶಾಸನಗಳನ್ನು ಅಂಗೀಕರಿಸಿತು. ಒಂದರಿಂದ ಪಿಕಾರ್ ಬ್ರಿಗೇಡಿಯರ್ ಜನರಲ್ ಆದನು; ಅವನ ಜ್ಯೇಷ್ಠತೆಯನ್ನು ೧೯೦೩ನೆಯ ಜುಲೈ ೧೦ರಿಂದ ಎಣಿಸಬೇಕೆಂದು ವಿಧಿಸಲಾಯಿತು. ಇನ್ನೊಂದರಿಂದ ಡ್ರೈಫಸನು ಮೇಜರನಿಗೆ ಸಮಾನವಾದ ದರ್ಜೆಗೆ ಏರಿದನು; ಅವನ ಜ್ಯೇಷ್ಠತೆಯಾದರೊ ಆ ಶಾಸನ ಪ್ರಕಟವಾದ ದಿನದಿಂದ. ರಕ್ಷಿಸಿದವನಿಗೆ ಮೂರು ವರ್ಷ ಹಿಂದಿನ ತಾರೀಖು. ದ್ವೀಪದ ಸೆರೆಯಲ್ಲಿ ನಾಲ್ಕು ವರ್ಷಕ್ಕೂ ಮೀರಿ ಕೊಳೆತವನಿಗೆ ಅಂದಿನ ತಾರೀಖು. ಹನ್ನೆರಡು ವರ್ಷಗಳಲ್ಲಿ ಅವನ ಸಹಪಾಠಿಗಳು ಅವನನ್ನು ದಾಟಿ ಹೋಗಿದ್ದರು. ಆ ದರ್ಜೆಯಲ್ಲಿ ಅವನು ಎಲ್ಲರಿಗೂ ಕಿರಿಯನಾದನು. ಅದೇ ವರ್ಷದ ಅಕ್ಟೋಬರಿನಲ್ಲಿ ಕ್ಲೆಮಾನ್ಸೊ ಪ್ರಧಾನಿಯಾದಾಗ ಯುದ್ಧಮಂತ್ರಿಯಾದವನು ಇದೇ ಪಿಕಾರ್. ತಾರೀಖನ್ನು ತಿದ್ದಿಕೊಡಬೇಕೆಂಬ ಡ್ರೈಫಸನ ಬೇಡಿಕೆಯನ್ನು ಅವನು ನಡೆಸಿಕೊಡಲಿಲ್ಲ. ಉನ್ನತ ಹುದ್ದೆಯ ಆಸೆ ತೀರಿತೆಂದು ಡ್ರೈಫಸನು ೧೯೦೭ರಲ್ಲಿ ನಿವೃತ್ತನಾದನು. ಮೊದಲನೆಯ ಮಹಾಯುದ್ಧದಲ್ಲಿ ಮತ್ತೆ ಸೇವೆಗೆ ಬಂದು ೧೯೧೮ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆದನು, ೧೯೩೫ರಲ್ಲಿ ತೀರಿಕೊಂಡನು. ೨೦೨೫ರ ಜೂನ್ ೨ರಂದು ಫ್ರಾನ್ಸಿನ ರಾಷ್ಟ್ರೀಯ ಸಭೆಯೂ ನವೆಂಬರಿನಲ್ಲಿ ಸೆನೆಟ್ಟೂ ಅವನನ್ನು ಮರಣೋತ್ತರವಾಗಿ ಬ್ರಿಗೇಡಿಯರ್ ಜನರಲ್ ದರ್ಜೆಗೆ ಏರಿಸುವ ಮಸೂದೆಯನ್ನು ಅಂಗೀಕರಿಸಿದುವು. ೧೯೦೬ರಲ್ಲಿ ಒಂದು ಸಾಲಿನಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ೧೧೯ ವರ್ಷಗಳು ಬೇಕಾದುವು. ಹೆಸರು ಹಿಡಿದು ಮಾಡಿದ ಶಾಸನದ ಎದುರಿಗೆ ಮೇಲ್ಮನವಿ ಹೋಗಲು ಅವನಿಗೆ ಯಾವ ಮಂಡಳಿಯೂ ಇರಲಿಲ್ಲ.

ಸತ್ತವರ ಬಡ್ತಿಯಲ್ಲಿ ತಾರೀಖಿಗೆ ವೇತನದ ಗೊಡವೆಯಿಲ್ಲ. ಆದರೂ ಅದನ್ನು ಯಾರೂ ಉಪೇಕ್ಷಿಸುವುದಿಲ್ಲ. ಜಾರ್ಜ್ ವಾಷಿಂಗ್‌ಟನ್ನನನ್ನು ಅಮೆರಿಕದ ಸೈನ್ಯದ ಅತ್ಯುನ್ನತ ದರ್ಜೆಗೆ ಏರಿಸಿದ ನಿರ್ಣಯವು ೧೯೭೬ನೆಯ ಅಕ್ಟೋಬರ್ ೧೧ರಂದು ಶಾಸನವಾಯಿತು. ಆದರೆ ನೇಮಕವು ಸ್ವಾತಂತ್ರ್ಯದ ದ್ವಿಶತಮಾನೋತ್ಸವದ ದಿನವಾದ ಜುಲೈ ೪ರಿಂದ ಜಾರಿಗೆ ಬರಬೇಕೆಂದು ಅದರಲ್ಲಿಯೇ ಬರೆಯಲಾಗಿದೆ. ಜೀವಂತನಾದ ಮೇಜರನಿಗೆ ದುರ್ಲಭವಾದ ಹಿಂದಿನ ತಾರೀಖು ವಾಷಿಂಗ್‌ಟನ್ನನಿಗೆ ಅನಾಯಾಸವಾಗಿ ದೊರೆಯಿತು.

ಚರಿತ್ರೆಯ ಸಂಶೋಧಕನಿಗೆ ಈ ತಿದ್ದುಪಡಿಗಳಿಂದ ಒಂದು ತೊಂದರೆಯೂ ಉಂಟು. ಮಂಡಳಿಯು ಅರ್ಜಿಯನ್ನು ಒಪ್ಪಿದಾಗ ಹಳೆಯ ಆಜ್ಞೆಯನ್ನು ಮಾರ್ಪಡಿಸಿ ಹೊಸ ತಾರೀಖನ್ನು ತೋರಿಸಬೇಕೆಂದು ನಿರ್ದೇಶಿಸುತ್ತದೆ. ಐವತ್ತು ವರ್ಷಗಳ ತರುವಾಯ ಸೇವಾಪುಸ್ತಕವನ್ನು ತೆರೆದವನಿಗೆ ಕಾಣುವುದು ಏಪ್ರಿಲ್ ೧ ಮಾತ್ರ. ಆ ಒಂಬತ್ತು ತಿಂಗಳು ಅವನು ಯಾವ ಲಾಂಛನವನ್ನು ಧರಿಸಿದ್ದನು, ಆಗ ತನ್ನ ಹೆಸರಿನ ಕೆಳಗೆ ಯಾವ ದರ್ಜೆಯನ್ನು ಬರೆದು ರುಜು ಹಾಕುತ್ತಿದ್ದನು ಎಂಬುದು ಅದರಿಂದ ತಿಳಿಯದು. ಅಂದಿನ ಪತ್ರವೊಂದರಲ್ಲಿ ‘ಕ್ಯಾಪ್ಟನ್’ ಎಂದಿರುವುದನ್ನು ಕಂಡು ಪತ್ರವೇ ಕೃತಕವೆಂದು ಶಂಕಿಸುವ ಸಂಭವವೂ ಇದೆ. ಶಾಸನಗಳ ಕಾಲನಿರ್ಣಯದಲ್ಲಿ ರಾಜನ ಆಳ್ವಿಕೆಯ ವರ್ಷವು ಪಟ್ಟಾಭಿಷೇಕದಿಂದ ಎಣಿಸಿದ್ದೊ ಯುವರಾಜ ಪದವಿಯಿಂದ ಎಣಿಸಿದ್ದೊ ಎಂದು ತಲೆಕೆಡಿಸಿಕೊಂಡಿರುವ ನಮ್ಮವರಿಗೆ ಈ ಕಷ್ಟ ಹೊಸದಲ್ಲ. ಅಮೆರಿಕದ ವಿಷಯದಲ್ಲಿ ಸಂಶೋಧಕನಿಗೆ ಒಂದು ಅನುಕೂಲವಿದೆ. ಈ ಮಂಡಳಿಗಳ ತೀರ್ಮಾನಗಳು, ಅರ್ಜಿದಾರರ ಹೆಸರುಗಳನ್ನು ಅಳಿಸಿ, ಸಾರ್ವಜನಿಕರಿಗೆ ದೊರೆಯುವಂತೆ ಪ್ರಕಟವಾಗಬೇಕೆಂದು ಶಾಸನವಿದೆ. ಸೇವಾಪುಸ್ತಕದಿಂದ ಮಾಯವಾದ ವಿಳಂಬವು ಅಲ್ಲಿ ದಿನದಿನದ ವಿವರಗಳೊಡನೆ ಉಳಿದಿರುತ್ತದೆ: ಕಡತವು ಯಾವ ತಾರೀಖಿನಂದು ಯಾವ ಕಚೇರಿಗೆ ಬಂದಿತು, ಯಾವ ತಾರೀಖಿನಂದು ಅಲ್ಲಿಂದ ಹೊರಟಿತು, ನಡುವೆ ಎಷ್ಟು ದಿನ ನಿಂತಿತ್ತು ಎಂಬುದೆಲ್ಲ. ಯಾರ ಕಡತವೆಂಬುದೊಂದೇ ಅಲ್ಲಿ ತಿಳಿಯುವುದಿಲ್ಲ.